ನೈಟ್ರಸ್ ಆಕ್ಸೈಡ್ ಕೊಡುವ ಮುಂಚೆ: ಟ್ಯೂಬರಸ್ ಸ್ಕ್ಲೆರೋಸಿಸ್ ಇರುವವರ ಅರಿವಳಿಕೆ ಕುರಿತು ಒಂದು ಪಾಠ

ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ವಾಣಿಜ್ಯ ವಿಭಾಗ



ಈ ಲೇಖನವನ್ನು ವಿಜ್ಞಾನ ವಿಭಾಗದವರು ಬರೆಯಬೇಕಿತ್ತು ಎಂದು ನಿಮಗೆ ಅನ್ನಿಸಬಹುದು. ನಾನು ಓದುತ್ತಿರುವುದು ಲೆಕ್ಕಶಾಸ್ತ್ರ, ವ್ಯವಹಾರ ಅಧ್ಯಯನ, ಅರ್ಥಶಾಸ್ತ್ರ ಮತ್ತು ಸಂಖ್ಯಾಶಾಸ್ತ್ರ. ಆದರೆ ಕೆಲವು ಪಾಠಗಳು ವಿಭಾಗ ನೋಡಿಕೊಂಡು ಮನೆಗೆ ಬರುವುದಿಲ್ಲ.

ನನ್ನ ತಮ್ಮನಿಗೆ ಒಂಬತ್ತು ವರ್ಷ. ಅವನಿಗೆ ಟ್ಯೂಬರಸ್ ಸ್ಕ್ಲೆರೋಸಿಸ್ ಎಂಬ ಕಾಯಿಲೆ ಇದೆ. ಕಳೆದ ವರ್ಷ ಅವನ ಒಂದು ದವಡೆ ಹಲ್ಲು ಹುಳುಕಾಗಿ ತೆಗೆಸಬೇಕಾಯಿತು. ಎಚ್ಚರವಿದ್ದಾಗ ಅವನು ಬಾಯಿ ತೆರೆಯುವ ಹುಡುಗನಲ್ಲ. ದಂತ ವೈದ್ಯರು, "ನೈಟ್ರಸ್ ಆಕ್ಸೈಡ್ ಕೊಟ್ಟು ತೆಗೆಯೋಣ, ಆದರೆ ಮೊದಲು ಅರಿವಳಿಕೆ ಡಾಕ್ಟರ್ ಒಮ್ಮೆ ನೋಡಲಿ" ಎಂದರು. ಅರಿವಳಿಕೆ ಮೇಡಂ ನಮಗೆ ಅರ್ಧ ಗಂಟೆ ಪ್ರಶ್ನೆ ಕೇಳಿದರು. ಹಲ್ಲಿನ ಬಗ್ಗೆ ಒಂದು ಪ್ರಶ್ನೆಯೂ ಇರಲಿಲ್ಲ. ತಲೆ, ಹೃದಯ, ಕಿಡ್ನಿ, ಶ್ವಾಸಕೋಶ, ಬೆಳಗಿನ ಮಾತ್ರೆ, ಮನೆಯಲ್ಲಿ ಬೇರೆ ಯಾರಿಗಾದರೂ ಇದೆಯೇ ಎಂಬುದು, ಇಷ್ಟೇ. ಹೊರಗೆ ಬಂದ ಮೇಲೆ ಅಬ್ಬಾ ನನ್ನನ್ನು ಕೇಳಿದರು: "ಹಲ್ಲಿಗೂ ಕಿಡ್ನಿಗೂ ಏನಮ್ಮ ಸಂಬಂಧ?"

ಆ ಪ್ರಶ್ನೆಗೆ ನಾನು ಹುಡುಕಿದ ಉತ್ತರವೇ ಈ ಲೇಖನ. ನಾನು ವೈದ್ಯಳಲ್ಲ. ಓದಿದ್ದನ್ನು ಮತ್ತು ಆ ಮೇಡಂ ಹತ್ತಿರ ಕೇಳಿ ತಿಳಿದದ್ದನ್ನು ಬರೆದಿದ್ದೇನೆ. ನಮ್ಮ ಜೀವಶಾಸ್ತ್ರದ ಉಪನ್ಯಾಸಕರು ಓದಿ ತಿದ್ದಿಕೊಟ್ಟಿದ್ದಾರೆ.

ಕಾಯಿಲೆಯ ಪರಿಚಯ

ಮೊದಲು ಒಂದು ತಪ್ಪು ಕಲ್ಪನೆ ಹೋಗಲಿ. ಟ್ಯೂಬರಸ್ ಎಂದ ಕೂಡಲೇ ಜನ ಟಿ.ಬಿ. ಎಂದುಕೊಳ್ಳುತ್ತಾರೆ. ನಮ್ಮ ನೆಂಟರೊಬ್ಬರ ಮನೆಯಲ್ಲಿ ತಮ್ಮನ ತಟ್ಟೆ, ಲೋಟ ಬೇರೆ ಇಟ್ಟಿದ್ದರು. ಇದು ಟಿ.ಬಿ. ಅಲ್ಲ, ಅಂಟುವ ಕಾಯಿಲೆಯೇ ಅಲ್ಲ. ಟ್ಯೂಬರ್ ಎಂದರೆ ಗೆಡ್ಡೆ, ಸ್ಕ್ಲೆರೋಸಿಸ್ ಎಂದರೆ ಗಟ್ಟಿಯಾಗುವುದು. 1880ರಲ್ಲಿ ಪ್ಯಾರಿಸ್ಸಿನ ಸಾಲ್ಪೆಟ್ರಿಯೇರ್ ಆಸ್ಪತ್ರೆಯಲ್ಲಿ ಬೂರ್ನವೀಲ್ ಎಂಬ ವೈದ್ಯರು ಫಿಟ್ಸ್‌ನಿಂದ ಬಳಲಿ ತೀರಿಕೊಂಡ 15 ವರ್ಷದ ಹುಡುಗಿಯೊಬ್ಬಳ ಮಿದುಳನ್ನು ಪರೀಕ್ಷಿಸಿದರು. ಮಿದುಳಿನ ಮೇಲ್ಪದರದಲ್ಲಿ ಅಲ್ಲಲ್ಲಿ ಗೆಡ್ಡೆಯಂತೆ ಗಟ್ಟಿಯಾದ ಉಬ್ಬುಗಳಿದ್ದವು. ಆ ಉಬ್ಬುಗಳಿಂದಲೇ ಕಾಯಿಲೆಗೆ ಈ ಹೆಸರು ಬಂತು.

ಕಾರಣ ತಿಳಿಯಲು ಇನ್ನೂ ನೂರು ವರ್ಷ ಬೇಕಾಯಿತು. ಟಿಎಸ್‌ಸಿ2 ಎಂಬ ಜೀನ್ 1993ರಲ್ಲಿ, ಟಿಎಸ್‌ಸಿ1 ಎಂಬ ಜೀನ್ 1997ರಲ್ಲಿ ಪತ್ತೆಯಾದವು. ಈ ಎರಡು ಜೀನ್‌ಗಳು ತಯಾರಿಸುವ ಪ್ರೋಟೀನ್‌ಗಳು ಜೀವಕೋಶಗಳ ಬೆಳವಣಿಗೆಗೆ ಬ್ರೇಕ್ ಇದ್ದಂತೆ. ಎರಡರಲ್ಲಿ ಒಂದು ಕೆಟ್ಟರೂ ಬ್ರೇಕ್ ಹಿಡಿಯುವುದಿಲ್ಲ. ಆಗ ಮಿದುಳು, ಚರ್ಮ, ಹೃದಯ, ಕಿಡ್ನಿ, ಶ್ವಾಸಕೋಶ, ಕಣ್ಣು, ಹೀಗೆ ಬೇರೆ ಬೇರೆ ಕಡೆ ಸಣ್ಣ ದೊಡ್ಡ ಗಡ್ಡೆಗಳು ಬೆಳೆಯುತ್ತವೆ. ಹೆಚ್ಚಿನವು ಕ್ಯಾನ್ಸರ್ ಅಲ್ಲ. ಆದರೆ ಕೂತ ಜಾಗದಿಂದ ತೊಂದರೆ ಕೊಡುತ್ತವೆ.

ಸುಮಾರು 6,000 ಜನನಗಳಿಗೆ ಒಂದು ಮಗುವಿಗೆ ಈ ಕಾಯಿಲೆ ಇರುತ್ತದೆ. ಅದರಲ್ಲಿ ಮೂರನೇ ಎರಡು ಭಾಗ ಮಕ್ಕಳಿಗೆ ಅದು ಹೊಸದಾಗಿ ಬಂದದ್ದು, ತಂದೆ ತಾಯಿಗೆ ಇರುವುದಿಲ್ಲ. ಉಳಿದವರಿಗೆ ತಂದೆಯಿಂದಲೋ ತಾಯಿಯಿಂದಲೋ ಬಂದಿರುತ್ತದೆ. ತಂದೆ ತಾಯಿಯಲ್ಲಿ ಒಬ್ಬರಿಗೆ ಇದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ.

ಮುಖ್ಯವಾದ ಮಾತು ಇದು: ಒಂದೇ ಕಾಯಿಲೆ ಇಬ್ಬರಲ್ಲಿ ಒಂದೇ ರೀತಿ ಇರುವುದಿಲ್ಲ. ಒಂದೇ ಮನೆಯವರಾದರೂ ಅಷ್ಟೆ. ತಮ್ಮನಿಗೆ ಐದನೇ ತಿಂಗಳಿಗೆ ಫಿಟ್ಸ್ ಶುರುವಾಯಿತು. ಬೆನ್ನಿನ ಮೇಲೆ ಎಲೆಯಾಕಾರದ ಬಿಳಿ ಮಚ್ಚೆಗಳಿದ್ದವು, ನಾವು ಗಮನ ಕೊಟ್ಟಿರಲಿಲ್ಲ. ಆಮೇಲೆ ಕೆನ್ನೆ, ಮೂಗಿನ ಮೇಲೆ ಕೆಂಪು ಗುಳ್ಳೆಗಳು ಬಂದವು. ಅವನು ಮಾತಾಡುವುದು ಕಡಿಮೆ. ಆದರೆ ಬೇರೆ ಕೆಲವರಿಗೆ ಇದೇ ಕಾಯಿಲೆ ಇದ್ದೂ ಫಿಟ್ಸ್ ಇರುವುದಿಲ್ಲ. ಅವರು ಓದಿ, ಕೆಲಸಕ್ಕೆ ಹೋಗಿ, ಮದುವೆಯಾಗಿ, ತಮಗೆ ಕಾಯಿಲೆ ಇದೆ ಎಂಬುದೇ ಗೊತ್ತಿಲ್ಲದೆ ಇರುತ್ತಾರೆ.

ಅನಿಲದ ಪರಿಚಯ

ನೈಟ್ರಸ್ ಆಕ್ಸೈಡನ್ನು 1772ರಲ್ಲಿ ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿ ಮೊದಲು ತಯಾರಿಸಿದರು. ಹಂಫ್ರಿ ಡೇವಿ ಎಂಬ ಯುವಕ ಬ್ರಿಸ್ಟಲ್ ನಗರದಲ್ಲಿ ಅದನ್ನು ತಾನೇ ಸೇದಿ ಸೇದಿ ನೋಡಿ, 1800ರಲ್ಲಿ ಪುಸ್ತಕ ಬರೆದರು. ಇದು ನೋವನ್ನು ಮರೆಸುತ್ತದೆ, ಶಸ್ತ್ರಚಿಕಿತ್ಸೆಗೆ ಉಪಯೋಗವಾಗಬಹುದು ಎಂದು ಅದರಲ್ಲಿ ಸೂಚಿಸಿದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನಲವತ್ತಕ್ಕೂ ಹೆಚ್ಚು ವರ್ಷ ಅದು ನಗಿಸುವ ಅನಿಲವಾಗಿ ಮೋಜಿನ ಪ್ರದರ್ಶನಗಳಲ್ಲೇ ಉಳಿಯಿತು.

1844ರ ಡಿಸೆಂಬರ್ 10ರಂದು ಅಮೆರಿಕದ ಹಾರ್ಟ್‌ಫರ್ಡ್ ಊರಿನಲ್ಲಿ ಅಂಥ ಒಂದು ಪ್ರದರ್ಶನವಿತ್ತು. ಅನಿಲ ಸೇದಿದವನೊಬ್ಬ ಕುಣಿದಾಡಿ ಕಾಲಿಗೆ ಗಾಯ ಮಾಡಿಕೊಂಡ, ನೋವೇ ಗೊತ್ತಾಗಲಿಲ್ಲ. ನೋಡುತ್ತ ಕುಳಿತಿದ್ದ ಹೊರೇಸ್ ವೆಲ್ಸ್ ಎಂಬ ದಂತ ವೈದ್ಯರು ಮರುದಿನವೇ ಅನಿಲ ಸೇದಿ ತಮ್ಮದೇ ಹಲ್ಲು ತೆಗೆಸಿಕೊಂಡರು. ಮುಂದಿನ ತಿಂಗಳು ಬೋಸ್ಟನ್ನಿನಲ್ಲಿ ಎಲ್ಲರ ಎದುರು ತೋರಿಸಲು ಹೋದಾಗ ರೋಗಿ ಕೂಗಿಕೊಂಡ. ಜನ ವೆಲ್ಸ್‌ರನ್ನು ಗೇಲಿ ಮಾಡಿದರು.

ಈ ಸೋಲಿನಲ್ಲೂ ಒಂದು ಪಾಠವಿದೆ. ನೈಟ್ರಸ್ ಆಕ್ಸೈಡ್ ದುರ್ಬಲ ಅನಿಲ. ಕತ್ತಿ ತಾಗಿದರೂ ಅರ್ಧದಷ್ಟು ಜನ ಅಲುಗಾಡದಿರಬೇಕಾದರೆ ಅದನ್ನು 104% ಕೊಡಬೇಕು ಎಂದು ಲೆಕ್ಕ ಹಾಕಿದ್ದಾರೆ. ನೂರಕ್ಕೆ ನೂರಾ ನಾಲ್ಕು! ಸಾಮಾನ್ಯ ವಾಯು ಒತ್ತಡದಲ್ಲಿ ಅದು ಆಗದ ಮಾತು. ನೂರು ಕೊಟ್ಟರೂ ಆಮ್ಲಜನಕಕ್ಕೆ ಜಾಗವೇ ಇಲ್ಲ. ಆದ್ದರಿಂದ ಇದನ್ನು ಒಂಟಿಯಾಗಿ ಪೂರ್ಣ ಅರಿವಳಿಕೆಯಾಗಿ ಬಳಸುವುದಿಲ್ಲ. ದೊಡ್ಡ ಆಪರೇಷನ್‌ಗಳಲ್ಲಿ ಬೇರೆ ಔಷಧಿಗಳ ಜೊತೆ ಕೊಡುತ್ತಾರೆ. ಹಲ್ಲಿನ ಕೆಲಸಕ್ಕೆ ಮೂಗಿನ ಮಾಸ್ಕ್‌ನಿಂದ ಸಾಮಾನ್ಯವಾಗಿ 30ರಿಂದ 50% ಕೊಡುತ್ತಾರೆ, ಉಳಿದದ್ದು ಆಮ್ಲಜನಕ. ಮಗು ನಿದ್ದೆ ಹೋಗುವುದಿಲ್ಲ. ಭಯ ಇಳಿಯುತ್ತದೆ, ಕೈಕಾಲು ಹಗುರವಾದಂತೆ ಆಗುತ್ತದೆ, ಮಾತಾಡಿಸಿದರೆ ಉತ್ತರ ಕೊಡುತ್ತದೆ. ಹಲ್ಲಿನ ಜಾಗ ಮರಗಟ್ಟಲು ಇಂಜೆಕ್ಷನ್ ಹೇಗೂ ಬೇಕು.

ಅದರ ಒಳ್ಳೆಯ ಗುಣಗಳೂ ಇವೆ. ಕೆಲವೇ ನಿಮಿಷಗಳಲ್ಲಿ ಹಿಡಿಯುತ್ತದೆ, ಕೆಲವೇ ನಿಮಿಷಗಳಲ್ಲಿ ಬಿಡುತ್ತದೆ. ಯಕೃತ್ತು, ಕಿಡ್ನಿಗಳಿಗೆ ಕೆಲಸ ಕೊಡದೆ ಬಂದ ದಾರಿಯಲ್ಲೇ, ಅಂದರೆ ಉಸಿರಿನಲ್ಲೇ, ಹೆಚ್ಚುಕಡಿಮೆ ಪೂರ್ತಿ ಹೊರಗೆ ಹೋಗುತ್ತದೆ. ದಂತ ಚಿಕಿತ್ಸೆಯ ಯಂತ್ರಗಳಲ್ಲಿ ಆಮ್ಲಜನಕ 30%ಗಿಂತ ಕೆಳಗೆ ಇಳಿಯದಂತೆ ಏರ್ಪಾಡಿರುತ್ತದೆ, ಆಮ್ಲಜನಕ ನಿಂತರೆ ಅನಿಲವೂ ನಿಲ್ಲುತ್ತದೆ. ಕೆಲಸ ಮುಗಿದ ಮೇಲೆ ಸುಮಾರು ಐದು ನಿಮಿಷ ಬರೀ ಆಮ್ಲಜನಕ ಕೊಡುತ್ತಾರೆ. ಏಕೆಂದರೆ ರಕ್ತದಿಂದ ಒಮ್ಮೆಲೇ ಹೊರಬರುವ ಅನಿಲ ಶ್ವಾಸಕೋಶ ತುಂಬಿಕೊಂಡು ಆಮ್ಲಜನಕವನ್ನು ತೆಳುವಾಗಿಸಬಹುದು.

ಒಂದು ಸಣ್ಣ ಲೆಕ್ಕ

ಇಷ್ಟು ಒಳ್ಳೆಯ ಅನಿಲಕ್ಕೆ ಇಷ್ಟು ಪ್ರಶ್ನೆ ಯಾಕೆ? ಅದಕ್ಕೆ ಒಂದು ಲೆಕ್ಕ ಮಾಡಬೇಕು. ಕಾಮರ್ಸ್‌ನವರೂ ಮಾಡಬಹುದಾದ ಲೆಕ್ಕ.

ನಮ್ಮ ಸುತ್ತಲಿನ ಗಾಳಿಯಲ್ಲಿ ಹೆಚ್ಚಿನ ಪಾಲು ಸಾರಜನಕ. ದೇಹದೊಳಗೆ ಎಲ್ಲಾದರೂ ಗಾಳಿ ಸಿಕ್ಕಿಹಾಕಿಕೊಂಡಿದ್ದರೆ ಅದರಲ್ಲೂ ಹೆಚ್ಚಿನದು ಸಾರಜನಕವೇ. ಸಾರಜನಕ ರಕ್ತದಲ್ಲಿ ಕರಗುವುದು ಬಹಳ ಕಡಿಮೆ. ನೈಟ್ರಸ್ ಆಕ್ಸೈಡ್ ಅದಕ್ಕಿಂತ ಸುಮಾರು 30 ಪಟ್ಟು ಹೆಚ್ಚು ಕರಗುತ್ತದೆ. ಆದ್ದರಿಂದ ರಕ್ತ ನೈಟ್ರಸ್ ಆಕ್ಸೈಡನ್ನು ಆ ಗಾಳಿಯ ಜಾಗಕ್ಕೆ ಮೂಟೆಗಟ್ಟಲೆ ತಂದು ಸುರಿಯುತ್ತದೆ, ಸಾರಜನಕವನ್ನು ಮಾತ್ರ ಚಿಟಿಕೆಯಷ್ಟೇ ಹೊರಗೆ ಒಯ್ಯುತ್ತದೆ. ಜಮಾ ಹೆಚ್ಚು, ಖರ್ಚು ಕಡಿಮೆ. ಶಿಲ್ಕು ಬೆಳೆಯಲೇಬೇಕು.

ಎಷ್ಟು ಬೆಳೆಯುತ್ತದೆ? ಸಿಕ್ಕಿಹಾಕಿಕೊಂಡ ಗಾಳಿ 100 ಮಿಲಿಲೀಟರ್ ಎಂದಿಟ್ಟುಕೊಳ್ಳಿ. ಉಸಿರಿನಲ್ಲಿ 50% ನೈಟ್ರಸ್ ಆಕ್ಸೈಡ್ ಕೊಟ್ಟರೆ, ಕೊನೆಗೆ ಆ ಜಾಗದಲ್ಲೂ ಅದು 50% ಆಗುವವರೆಗೆ ತುಂಬುತ್ತದೆ. ಹಳೆಯ 100 ಮಿ.ಲೀ. ಅರ್ಧವಾಗಬೇಕಾದರೆ ಒಟ್ಟು 200 ಆಗಬೇಕು. ಎರಡು ಪಟ್ಟು. 75% ಕೊಟ್ಟರೆ ಹಳೆಯ 100 ಕಾಲು ಭಾಗವಾಗಬೇಕು, ಒಟ್ಟು 400 ಆಗಬೇಕು. ನಾಲ್ಕು ಪಟ್ಟು. ಗೋಡೆ ಹಿಗ್ಗಿದರೆ ಗಾತ್ರ ಬೆಳೆಯುತ್ತದೆ, ಹಿಗ್ಗದಿದ್ದರೆ ಒತ್ತಡ ಏರುತ್ತದೆ. ಎದೆಗೂಡಿನಲ್ಲಿ ಶ್ವಾಸಕೋಶದ ಹೊರಗೆ ಗಾಳಿ ಸೇರಿಕೊಂಡ ಸ್ಥಿತಿಯಲ್ಲಿ 75% ಅನಿಲ ಕೊಟ್ಟರೆ, ಆ ಗಾಳಿ ಎರಡು ಪಟ್ಟಾಗಲು ಸುಮಾರು 10 ನಿಮಿಷ ಸಾಕು. 

ಹಾಗಾಗಿ ಅರಿವಳಿಕೆ ತಜ್ಞರ ಮೊದಲ ಪ್ರಶ್ನೆ "ಈ ಅನಿಲ ಒಳ್ಳೆಯದೋ ಕೆಟ್ಟದ್ದೋ" ಎಂಬುದಲ್ಲ. "ಈ ದೇಹದಲ್ಲಿ ಗಾಳಿ ಎಲ್ಲಾದರೂ ಸಿಕ್ಕಿಹಾಕಿಕೊಂಡಿದೆಯೇ" ಎಂಬುದು.

ಅಂಗಾಂಗಗಳ ತಾಳೆಪಟ್ಟಿ

ಈಗ ಅಬ್ಬಾ ಕೇಳಿದ ಪ್ರಶ್ನೆಗೆ ಬರೋಣ. ಟ್ಯೂಬರಸ್ ಸ್ಕ್ಲೆರೋಸಿಸ್ ಎಂದರೆ ಯಾವ ಅಂಗದಲ್ಲಿ ಏನಿದೆ ಎಂದು ಒಂದೊಂದಾಗಿ ತಾಳೆ ನೋಡಬೇಕಾದ ಕಾಯಿಲೆ.

ಮಿದುಳು: ಈ ಕಾಯಿಲೆಯವರಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಜನರಿಗೆ ಯಾವಾಗಲಾದರೂ ಫಿಟ್ಸ್ ಬಂದಿರುತ್ತದೆ. ಕೆಲವರಿಗೆ ಮಿದುಳಿನ ನೀರು ಹರಿಯುವ ದಾರಿಯ ಪಕ್ಕದಲ್ಲಿ ಗಡ್ಡೆ ಬೆಳೆದು ದಾರಿ ಕಟ್ಟಿಕೊಳ್ಳುತ್ತದೆ. ಆಗ ತಲೆನೋವು, ವಾಂತಿ, ತಲೆಯೊಳಗೆ ಒತ್ತಡ. ನೈಟ್ರಸ್ ಆಕ್ಸೈಡ್ ಮಿದುಳಿನ ರಕ್ತದ ಹರಿವನ್ನು ಹೆಚ್ಚಿಸುವುದರಿಂದ ಒತ್ತಡ ಇರುವವರ ವಿಷಯದಲ್ಲಿ ಬಹಳ ಎಚ್ಚರ ಬೇಕು. ಈ ಗಡ್ಡೆಗೆ ಅಥವಾ ಫಿಟ್ಸ್‌ಗೆ ಇತ್ತೀಚೆಗೆ ತಲೆಯ ಆಪರೇಷನ್ ಆಗಿದ್ದರೆ ತಲೆಬುರುಡೆಯೊಳಗೆ ಸ್ವಲ್ಪ ಗಾಳಿ ಕೆಲವು ದಿನ ಉಳಿದಿರಬಹುದು. ಆಗ ಮೇಲಿನ ಲೆಕ್ಕ ನೆನಪಿಸಿಕೊಳ್ಳಿ: ಬುರುಡೆ ಹಿಗ್ಗುವುದಿಲ್ಲ.

ಹೃದಯ: ಹುಟ್ಟುವಾಗಲೇ ಹೃದಯದಲ್ಲಿ ಗಡ್ಡೆಗಳಿರಬಹುದು. ಸಮಾಧಾನದ ವಿಷಯವೆಂದರೆ ಹೆಚ್ಚಿನವು ವರ್ಷಗಳು ಕಳೆದಂತೆ ತಾವೇ ಕುಗ್ಗುತ್ತವೆ. ಆದರೂ ಬಡಿತದ ತಾಳ ತಪ್ಪುವ ಸಾಧ್ಯತೆ ಇರುವುದರಿಂದ ಇಸಿಜಿ ನೋಡುತ್ತಾರೆ, ಬೇಕಿದ್ದರೆ ಎಕೋ ಮಾಡಿಸುತ್ತಾರೆ.

ಕಿಡ್ನಿ: ಇಲ್ಲಿ ಗಡ್ಡೆ ಮತ್ತು ನೀರುಗುಳ್ಳೆಗಳು ಬಹಳ ಸಾಮಾನ್ಯ. ನೈಟ್ರಸ್ ಆಕ್ಸೈಡ್ ಕಿಡ್ನಿಯನ್ನು ಮುಟ್ಟುವುದಿಲ್ಲ, ನಿಜ. ಆದರೆ ಕಿಡ್ನಿ ತೊಂದರೆಯಿಂದ ರಕ್ತದೊತ್ತಡ ಏರಿರಬಹುದು. ಜೊತೆಗೆ ಹಲ್ಲು ತೆಗೆದ ಮೇಲೆ ಕೊಡುವ ಕೆಲವು ನೋವಿನ ಮಾತ್ರೆಗಳು ಕಿಡ್ನಿಗೆ ಭಾರ. ಅಬ್ಬಾ, ಹಲ್ಲಿಗೂ ಕಿಡ್ನಿಗೂ ಇರುವ ಸಂಬಂಧ ಇದೇ.

ಬಾಯಿ: ಹಲ್ಲಿನ ಹೊರಪದರದಲ್ಲಿ ಚುಕ್ಕಿ ಚುಕ್ಕಿ ಕುಳಿಗಳು, ವಸಡಿನಲ್ಲಿ ಸಣ್ಣ ಉಬ್ಬುಗಳು ಈ ಕಾಯಿಲೆಯ ಗುರುತುಗಳೇ. ಫಿನೈಟಾಯಿನ್ ಎಂಬ ಫಿಟ್ಸ್ ಮಾತ್ರೆಯಿಂದ ವಸಡು ಊದುತ್ತದೆ. ಕುಳಿಯಲ್ಲಿ ಸಿಹಿ ಸಿರಪ್ ನಿಂತರೆ ಹುಳುಕು. ಎವೆರೋಲಿಮಸ್ ಎಂಬ ಹೊಸ ಔಷಧಿ ತಪ್ಪಿದ ಬ್ರೇಕ್‌ನ ಕೆಲಸ ಮಾಡಿ ಗಡ್ಡೆಗಳನ್ನು ಕುಗ್ಗಿಸುತ್ತದೆ, ಆದರೆ ಬಾಯಿಹುಣ್ಣು ತರಬಹುದು, ಗಾಯ ಮಾಯುವುದನ್ನು ನಿಧಾನಗೊಳಿಸಬಹುದು. ಅದನ್ನು ತಿನ್ನುತ್ತಿದ್ದರೆ ಹಲ್ಲು ತೆಗೆಯುವ ಮುಂಚೆ ಹೇಳಲೇಬೇಕು.

ಶ್ವಾಸಕೋಶ: ಇದನ್ನು ಕೊನೆಗೆ ಇಟ್ಟಿದ್ದೇನೆ, ಏಕೆಂದರೆ ಲೆಕ್ಕ ಇಲ್ಲಿಗೇ ಬಂದು ನಿಲ್ಲುತ್ತದೆ. ಟ್ಯೂಬರಸ್ ಸ್ಕ್ಲೆರೋಸಿಸ್ ಇರುವವರಲ್ಲಿ, ಅದರಲ್ಲೂ ಪ್ರಾಯಕ್ಕೆ ಬಂದ ಹೆಣ್ಣುಮಕ್ಕಳಲ್ಲಿ, ಶ್ವಾಸಕೋಶದ ತುಂಬ ತೆಳು ಗೋಡೆಯ ಗಾಳಿಗುಳ್ಳೆಗಳು ಆಗಬಹುದು. ಚಿಕ್ಕದಾಗಿ ಇದನ್ನು ಲ್ಯಾಮ್ ಎನ್ನುತ್ತಾರೆ. ಗುಳ್ಳೆ ಒಡೆದರೆ ಎದೆಗೂಡಿನಲ್ಲಿ ಗಾಳಿ ಸೇರಿ ಶ್ವಾಸಕೋಶ ಮುದುಡಿಕೊಳ್ಳುತ್ತದೆ. ಮೊದಮೊದಲು ಏನೂ ಗೊತ್ತಾಗುವುದಿಲ್ಲ, ಮೆಟ್ಟಿಲು ಹತ್ತಿದರೆ ಏದುಸಿರು ಅಷ್ಟೆ. ಅದಕ್ಕೇ ಈ ಕಾಯಿಲೆ ಇರುವ 18 ದಾಟಿದ ಹೆಣ್ಣುಮಕ್ಕಳಿಗೆ ತೊಂದರೆ ಇಲ್ಲದಿದ್ದರೂ ಎದೆಯ ಸಿಟಿ ಸ್ಕ್ಯಾನ್ ಮಾಡಿಸಲು ತಜ್ಞರು ಸಲಹೆ ಕೊಡುತ್ತಾರೆ. ಇಂಥ ಗುಳ್ಳೆ ಇರುವವರಿಗೆ ನೈಟ್ರಸ್ ಆಕ್ಸೈಡ್ ಬೇಡವೆಂದೇ ತೀರ್ಮಾನಿಸಿ ಬೇರೆ ಔಷಧಿ ಆರಿಸುತ್ತಾರೆ.

ತಮ್ಮ ಒಂಬತ್ತು ವರ್ಷದ ಹುಡುಗ. ಅವನ ಎದೆಯ ಎಕ್ಸ್‌ರೇ, ಇಸಿಜಿ, ರಕ್ತದೊತ್ತಡ ಸರಿಯಿದ್ದವು. ತಲೆಯ ಹೊಸ ಸ್ಕ್ಯಾನ್‌ನಲ್ಲಿ ದಾರಿ ಕಟ್ಟಿಕೊಂಡಿರಲಿಲ್ಲ. ಅವನಿಗೆ ಕೊಡಬಹುದು ಎಂದರು.

ಫಿಟ್ಸ್ ಮತ್ತು ಬೆಳಗಿನ ಮಾತ್ರೆ

ಫಿಟ್ಸ್ ಇರುವವರಿಗೆ ಈ ಅನಿಲ ಕೊಡಬಾರದು ಎಂದು ಕೆಲವರು ಹೇಳುತ್ತಾರೆ. ಅದು ಸರಿಯಲ್ಲ. ಹಲ್ಲಿನ ಚಿಕಿತ್ಸೆಗೆ ಕೊಡುವ ಪ್ರಮಾಣದಲ್ಲಿ ಫಿಟ್ಸ್ ಎಬ್ಬಿಸುವ ಗುಣ ಅದಕ್ಕೆ ತೀರ ಕಡಿಮೆ. ಹೆದರಿ ಅತ್ತು, ಜೋರಾಗಿ ಉಸಿರಾಡಿ, ನಿದ್ದೆಗೆಟ್ಟು ಫಿಟ್ಸ್ ಬರುವುದೇ ಹೆಚ್ಚು. ಎಲ್ಲಕ್ಕಿಂತ ಹೆಚ್ಚು ಅಪಾಯ ಮಾತ್ರೆ ತಪ್ಪಿದಾಗ.

ಈ ತಪ್ಪು ನಮ್ಮ ಮನೆಯಲ್ಲೇ ಆಯಿತು. ಆರು ಗಂಟೆ ಮುಂಚಿನಿಂದ ಊಟ ತಿಂಡಿ ಬೇಡ, ಎರಡು ಗಂಟೆ ಮುಂಚಿನವರೆಗೆ ನೀರು ಕೊಡಬಹುದು, ಫಿಟ್ಸ್ ಮಾತ್ರೆ ಎಂದಿನ ಹೊತ್ತಿಗೇ ಒಂದು ಗುಟುಕು ನೀರಿನಲ್ಲಿ ಕೊಡಿ ಎಂದು ಹೇಳಿ ಕಳಿಸಿದ್ದರು. ಬೆಳಿಗ್ಗೆ ಅಮ್ಮಿ ಮಾತ್ರೆ ತೆಗೆದಾಗ ನಾನಿ ತಡೆದರು. ಖಾಲಿ ಹೊಟ್ಟೆ ಎಂದರೆ ರೋಜಾ ಇದ್ದ ಹಾಗೆ, ಒಂದು ಹನಿಯೂ ಇಳಿಯಬಾರದು ಎಂಬುದು ಅವರ ನಂಬಿಕೆ. ಪ್ರೀತಿಯಿಂದಲೇ ಹೇಳಿದ್ದು. ಯಾರೂ ಎದುರು ಮಾತಾಡಲಿಲ್ಲ, ನಾನೂ ಆಡಲಿಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ಹತ್ತೂಕಾಲಿಗೆ ತಮ್ಮನಿಗೆ ಫಿಟ್ಸ್ ಬಂತು. ಎರಡು ನಿಮಿಷ. ನಾನು ಗಡಿಯಾರ ನೋಡುತ್ತಿದ್ದೆ, ಏಕೆಂದರೆ ಐದು ನಿಮಿಷ ದಾಟಿದರೆ ತುರ್ತು ಚಿಕಿತ್ಸೆ ಬೇಕು ಎಂದು ನಮಗೆ ಹೇಳಿಕೊಟ್ಟಿದ್ದಾರೆ. ಅವನು ಸುಧಾರಿಸಿಕೊಂಡ ಮೇಲೆ ಮೇಡಂ ಕೇಳಿದ್ದು ಒಂದೇ ಮಾತು: "ಬೆಳಿಗ್ಗೆ ಮಾತ್ರೆ ಕೊಟ್ರಾ?" ಆ ದಿನ ಹಲ್ಲು ತೆಗೆಯಲಿಲ್ಲ. ಮೂರು ವಾರ ಮುಂದಕ್ಕೆ ಹೋಯಿತು.

ಅವತ್ತಿನಿಂದ ನಾನು ಒಂದು ನೋಟ್‌ಬುಕ್ ಇಟ್ಟಿದ್ದೇನೆ. ನಮ್ಮ ರೋಜುಕೀರ್ದಿಯಂತೆ ತಾರೀಖು, ಗಂಟೆ, ಎಷ್ಟು ನಿಮಿಷ, ಮುಂಚೆ ಏನಾಗಿತ್ತು, ಮಾತ್ರೆ ಕೊಟ್ಟದ್ದು ಯಾರು. ಎರಡನೇ ಸಲ ಹೋದಾಗ ಮೇಡಂ ಅದನ್ನು ಪೂರ್ತಿ ಓದಿದರು. ಮಾತ್ರೆಗಳ ಹೆಸರು, ಪ್ರಮಾಣ ಅವರಿಗೆ ಬೇಕೇ ಬೇಕು. ಕಾರ್ಬಮಜೆಪಿನ್, ಫಿನೈಟಾಯಿನ್‌ನಂಥ ಮಾತ್ರೆಗಳನ್ನು ಬಹಳ ದಿನದಿಂದ ತಿನ್ನುವವರಿಗೆ ಆಪರೇಷನ್‌ನಲ್ಲಿ ಕೊಡುವ ಕೆಲವು ಸ್ನಾಯು ಸಡಿಲಿಸುವ ಔಷಧಿಗಳು ಬೇಗ ಇಳಿದುಹೋಗುತ್ತವೆ. ನಿದ್ದೆ ತರಿಸುವ ಮಾತ್ರೆಗಳ ಜೊತೆ ನೈಟ್ರಸ್ ಆಕ್ಸೈಡ್ ಸೇರಿದರೆ ಮಂಪರು ಅಂದಾಜಿಗಿಂತ ಆಳವಾಗಬಹುದು.

ಇನ್ನೊಂದು ತಯಾರಿ ಮಾಸ್ಕ್‌ದು. ಈ ಕಾಯಿಲೆಯ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಕ್ಕಳಿಗೆ ಆಟಿಸಂ ಲಕ್ಷಣಗಳಿರುತ್ತವೆ. ಮುಖಕ್ಕೆ ಏನಾದರೂ ತಾಗಿದರೆ ಸಹಿಸುವುದಿಲ್ಲ. ಮೂಗಿನಿಂದ ಉಸಿರಾಡದಿದ್ದರೆ ಈ ಅನಿಲ ಕೆಲಸವನ್ನೇ ಮಾಡುವುದಿಲ್ಲ. ನೆಗಡಿ ಇದ್ದರೂ ಕಷ್ಟ, ಕಿವಿ ಕಟ್ಟಿದ್ದರೆ ಒಳಗಿನ ಗಾಳಿ ಉಬ್ಬಿ ನೋಯುತ್ತದೆ. ನಾವು ಪಕ್ಕದ ಮನೆಯಿಂದ ನೆಬ್ಯುಲೈಸರ್ ಮಾಸ್ಕ್ ತಂದು ಮೂರು ವಾರ ದಿನಾ ರಾತ್ರಿ ಆಟ ಆಡಿಸಿದೆವು. ಮೊದಲು ನಾನು ಹಾಕಿಕೊಳ್ಳುವುದು, ಆಮೇಲೆ ಅವನ ಗೊಂಬೆಗೆ, ಆಮೇಲೆ ಅವನಿಗೆ ಹತ್ತು ಎಣಿಸುವವರೆಗೆ. ಹದಿನೈದನೇ ದಿನ ಅವನೇ ಕೇಳಿ ಹಾಕಿಸಿಕೊಂಡ.

ಬಿ12 ಎಂಬ ಇನ್ನೊಂದು ಖಾತೆ

ಈ ಅನಿಲಕ್ಕೆ ಇನ್ನೊಂದು ಗುಣವಿದೆ. ಬಿ12 ವಿಟಮಿನ್‌ನ ನಡುವೆ ಕೋಬಾಲ್ಟ್ ಎಂಬ ಲೋಹದ ಪರಮಾಣು ಇರುತ್ತದೆ. ನೈಟ್ರಸ್ ಆಕ್ಸೈಡ್ ಅದನ್ನು ಕೆಡಿಸಿ ವಿಟಮಿನನ್ನು ನಿಷ್ಕ್ರಿಯಗೊಳಿಸುತ್ತದೆ. 1956ರಲ್ಲಿ ಡೆನ್ಮಾರ್ಕಿನ ವೈದ್ಯರು ಧನುರ್ವಾಯು ರೋಗಿಗಳಿಗೆ ದಿನಗಟ್ಟಲೆ ಈ ಅನಿಲ ಕೊಟ್ಟಾಗ ಅವರ ಮೂಳೆಮಜ್ಜೆ ರಕ್ತಕಣ ತಯಾರಿಸುವುದನ್ನೇ ಕಡಿಮೆ ಮಾಡಿದ್ದನ್ನು ಕಂಡರು. ಹಾಗೆಂದು ಅರ್ಧ ಗಂಟೆಯ ಹಲ್ಲಿನ ಕೆಲಸಕ್ಕೆ ಆರೋಗ್ಯವಂತರು ಹೆದರಬೇಕಾಗಿಲ್ಲ. ಆದರೆ ಮೊದಲೇ ಬಿ12 ಕೊರತೆ ಇರುವವರಿಗೆ, ಅಥವಾ ಕೆಲವೇ ದಿನಗಳ ಅಂತರದಲ್ಲಿ ಮತ್ತೆ ಮತ್ತೆ ಅನಿಲ ಪಡೆಯುವವರಿಗೆ, ನರಗಳಿಗೆ ಹಾನಿಯಾಗಬಹುದು. ಫಿನೈಟಾಯಿನ್ ದೀರ್ಘಕಾಲ ತಿಂದರೆ ಫೋಲೇಟ್ ಕಡಿಮೆಯಾಗುತ್ತದೆ, ಅದೂ ಇದೇ ಖಾತೆಗೆ ಸೇರುವ ಬಾಬತ್ತು. ಈ ಕಾಯಿಲೆಯ ಮಕ್ಕಳಿಗೆ ಸ್ಕ್ಯಾನ್, ಹಲ್ಲು, ಆಪರೇಷನ್ ಎಂದು ಅರಿವಳಿಕೆ ಪದೇ ಪದೇ ಬರುವುದರಿಂದ ಹಿಂದಿನ ಸಲ ಯಾವಾಗ ಕೊಟ್ಟರು ಎಂಬುದನ್ನೂ ಬರೆದಿಟ್ಟುಕೊಳ್ಳಬೇಕು.

ಮುಚ್ಚಿಟ್ಟ ಉತ್ತರ

ಈಗ ಈ ಪಾಠದ ಕಷ್ಟದ ಭಾಗ.

ಮೊದಲ ದಿನ ಆಸ್ಪತ್ರೆಗೆ ಹೊರಡುವಾಗ ಖಾಲಾ ಬಾಗಿಲಲ್ಲಿ ನಿಂತು, "ಫಿಟ್ಸ್ ಕೀ ಬಾತ್ ನಕ್ಕೊ ಬೋಲೋ" ಎಂದಿದ್ದರು. ಫಿಟ್ಸ್ ವಿಷಯ ಹೇಳಬೇಡಿ ಎಂದು. ಮನೆಯಲ್ಲಿ ಮದುವೆಗೆ ಹೆಣ್ಣುಮಗಳಿದ್ದಾಳೆ ಎಂಬುದು ಅವರ ಚಿಂತೆ. ಆ ಹೆಣ್ಣುಮಗಳು ನಾನೇ. ತಮ್ಮನ ಫಿಟ್ಸನ್ನು ನಾವು ಹೇಳಿದೆವು. ಆದರೆ "ಮನೆಯಲ್ಲಿ ಬೇರೆ ಯಾರಿಗಾದರೂ ಚರ್ಮದ ಮೇಲೆ, ಉಗುರಿನ ಪಕ್ಕದಲ್ಲಿ ಗಂಟು, ಉಸಿರಿನ ತೊಂದರೆ?" ಎಂಬ ಪ್ರಶ್ನೆಗೆ ಅಮ್ಮಿ ಇಲ್ಲ ಎಂದರು.

ಫಿಟ್ಸ್ ಬಂದು ಹಿಂದಿರುಗಿದ ರಾತ್ರಿ ಅಮ್ಮಿ ಕಾಲುಚೀಲ ತೆಗೆದು ನನಗೆ ಕಾಲು ತೋರಿಸಿದರು. ಎರಡು ಬೆರಳುಗಳ ಉಗುರಿನ ಬುಡದಲ್ಲಿ ಸಣ್ಣ ಮಾಂಸದ ಗಂಟುಗಳಿದ್ದವು. ಮದುವೆಗೆ ಮುಂಚಿನಿಂದಲೂ ಇದ್ದವಂತೆ, ಒಮ್ಮೆ ಕುಯ್ಯಿಸಿದರೂ ಮತ್ತೆ ಬಂದವಂತೆ. ಎರಡು ವರ್ಷದಿಂದ ಮಹಡಿಗೆ ನೀರು ಹೊತ್ತರೆ ಏದುಸಿರು. ವಯಸ್ಸಾಯಿತು ಎಂದುಕೊಂಡಿದ್ದರು. ಅವರಿಗೆ ಮೂವತ್ತೊಂಬತ್ತು.

ಮುಂದಿನ ಸಲ ಅಮ್ಮಿ ತಾವಾಗಿಯೇ ಹೇಳಿದರು. ಪರೀಕ್ಷೆಗಳಾದವು. ಅವರಿಗೂ ಅದೇ ಕಾಯಿಲೆ ಇದೆ, ಸೌಮ್ಯ ರೂಪದಲ್ಲಿ. ಸಿಟಿ ಸ್ಕ್ಯಾನ್‌ನಲ್ಲಿ ಶ್ವಾಸಕೋಶದಲ್ಲಿ ಗುಳ್ಳೆಗಳು ಕಂಡವು. ಅಂದರೆ ಒಂದೇ ಮನೆ, ಒಂದೇ ಕಾಯಿಲೆ, ಒಂದೇ ಅನಿಲ. ತಮ್ಮನಿಗೆ ಆಗುತ್ತದೆ, ಅಮ್ಮಿಗೆ ಆಗುವುದಿಲ್ಲ. ನಾಳೆ ಅಮ್ಮಿಗೆ ಅಪೆಂಡಿಕ್ಸ್ ಆಪರೇಷನ್ ಎಂದು ತುರ್ತಾಗಿ ಹೋದರೆ, ಗೊತ್ತಿಲ್ಲದ ವೈದ್ಯರು ಒಳ್ಳೆಯ ಮನಸ್ಸಿನಿಂದಲೇ ಆ ಅನಿಲ ಕೊಟ್ಟುಬಿಡಬಹುದಿತ್ತು. ಒಂದು 'ಇಲ್ಲ' ಎಂಬ ಉತ್ತರದ ಬೆಲೆ ಅಷ್ಟು.

ನನ್ನ ಚರ್ಮ, ಉಗುರು, ಕಣ್ಣು ನೋಡಿದರು, ಯಾವ ಗುರುತೂ ಸಿಗಲಿಲ್ಲ. ರಕ್ತದ ಪರೀಕ್ಷೆ ಇನ್ನೂ ಬಾಕಿ ಇದೆ. ಸಾಧ್ಯತೆಯ ಲೆಕ್ಕ ಸಂಖ್ಯಾಶಾಸ್ತ್ರದಲ್ಲಿ ಓದುವಾಗ ಸುಲಭವಿತ್ತು.

ಆಸ್ಪತ್ರೆಗೆ ಹೋಗುವ ಮುಂಚೆ

ನಿಮ್ಮ ಮನೆಯಲ್ಲಿ ಫಿಟ್ಸ್ ಇರುವವರಿಗೆ ಯಾವುದೇ ಅರಿವಳಿಕೆ ಕೊಡುವುದಿದ್ದರೆ ಇಷ್ಟನ್ನು ಬರೆದುಕೊಂಡು ಹೋಗಿ:

1. ಕೊನೆಯ ಫಿಟ್ಸ್ ಯಾವಾಗ ಬಂತು, ಎಷ್ಟು ಹೊತ್ತಿತ್ತು.

2. ತಿನ್ನುವ ಎಲ್ಲ ಮಾತ್ರೆಗಳ ಹೆಸರು, ಪ್ರಮಾಣ, ಹೊತ್ತು. ಆ ದಿನ ಬೆಳಗಿನ ಮಾತ್ರೆ ಕೊಡಬೇಕೇ ಎಂದು ವೈದ್ಯರನ್ನೇ ಕೇಳಿ, ಮನೆಯಲ್ಲಿ ತೀರ್ಮಾನಿಸಬೇಡಿ.

3. ತಲೆ, ಕಿವಿ, ಕಣ್ಣಿನ ಆಪರೇಷನ್ ಆಗಿದ್ದರೆ ಅದರ ತಾರೀಖು.

4. ಉಸಿರಿನ ತೊಂದರೆ, ಶ್ವಾಸಕೋಶ ಮುದುಡಿದ ಹಿಂದಿನ ಘಟನೆ, ನೆಗಡಿ.

5. ಇತ್ತೀಚಿನ ತಲೆನೋವು, ವಾಂತಿ.

6. ಹೃದಯ, ಕಿಡ್ನಿ, ರಕ್ತದೊತ್ತಡದ ವರದಿಗಳು.

7. ಹಿಂದೆ ಅರಿವಳಿಕೆ ಯಾವಾಗ ಕೊಟ್ಟರು, ಏನಾಯಿತು.

8. ಮನೆಯಲ್ಲಿ ಬೇರೆ ಯಾರಿಗೆ ಯಾವ ಗುರುತು ಇದೆ. ಇದನ್ನು ಮುಚ್ಚಿಡಬೇಡಿ.

ಎರಡನೇ ಸಲ ತಮ್ಮ ಬೆಳಗಿನ ಮಾತ್ರೆ ನುಂಗಿಯೇ ಹೋದ. ಕೊಟ್ಟವರು ನಾನಿ. ನೀಲಿ ಸಿಲಿಂಡರ್ ನೋಡಿ ಅದು ತನ್ನದೇ ಎಂದ. 40%ರಲ್ಲಿ ಹಿಡಿಯಿತು, ಇಪ್ಪತ್ತು ನಿಮಿಷದಲ್ಲಿ ಹಲ್ಲು ಹೊರಗೆ ಬಂತು. ಅವನು ನಗಲಿಲ್ಲ. ಚಾವಣಿಯ ಫ್ಯಾನ್ ನೋಡುತ್ತ ಮಲಗಿದ್ದ.

ಇದನ್ನೆಲ್ಲ ಬರೆಯಲು ಅಮ್ಮಿಯ ಒಪ್ಪಿಗೆ ಕೇಳಿದ್ದೇನೆ. ಖಾಲಾಗೂ ಓದಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ತಮ್ಮನ ಹೆಸರು ಹಾಕಬೇಡ ಎಂದಷ್ಟೇ ಹೇಳಿದರು. ಹಾಕಿಲ್ಲ. ಅಮ್ಮಿಯ ಪರ್ಸಿನಲ್ಲಿ ಈಗ ಆಧಾರ್ ಕಾರ್ಡಿನ ಹಿಂದೆ ನಾನು ಬರೆದ ಒಂದು ಚೀಟಿ ಇದೆ, ಕನ್ನಡದಲ್ಲಿ ಒಂದು ಬದಿ, ಇಂಗ್ಲಿಷಿನಲ್ಲಿ ಇನ್ನೊಂದು ಬದಿ: "ಟ್ಯೂಬರಸ್ ಸ್ಕ್ಲೆರೋಸಿಸ್ ಇದೆ. ಶ್ವಾಸಕೋಶದಲ್ಲಿ ಗಾಳಿಗುಳ್ಳೆಗಳಿವೆ. ನೈಟ್ರಸ್ ಆಕ್ಸೈಡ್ ಕೊಡಬೇಡಿ."